ಹಾಸ್ಟೆಲ್, ಮೆಸ್, ಸ್ಕಾಲರ್‌ಶಿಪ್: ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾನಸಗಂಗೋತ್ರಿ, ಧಾರವಾಡ, ಜ್ಞಾನಭಾರತಿ, ಶಂಕರಘಟ್ಟ, ಮಂಗಳಗಂಗೋತ್ರಿ, ಕಲಬುರಗಿ: ಕ್ಯಾಂಪಸ್ ಯಾವುದೇ ಇರಲಿ, ಪ್ರವೇಶದ ತಿಂಗಳುಗಳಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳು ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಶುಲ್ಕ, ಕೊನೆಯ ದಿನಾಂಕ, ಆದಾಯ ಮಿತಿ ವರ್ಷ ವರ್ಷ ಬದಲಾಗುತ್ತವೆ. ಅವನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಿಕೊಳ್ಳಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಅರ್ಹತೆ ಇದ್ದೂ ಹಾಸ್ಟೆಲ್ ತಪ್ಪಿಸಿಕೊಂಡವರು, ಸ್ಕಾಲರ್‌ಶಿಪ್ ಬಾರದೆ ಅಲೆದವರು ಬೇಕಾದಷ್ಟಿದ್ದಾರೆ. ಕಾರಣ ಕೇಳಿದರೆ ಎರಡೇ: ದಿನಾಂಕ ದಾಟಿತ್ತು, ಇಲ್ಲವೇ ಹೆಸರಿನಲ್ಲಿ ಒಂದಕ್ಷರ ಹೊಂದಲಿಲ್ಲ.

## ಸೇರುವ ಮೊದಲು

ಎಂ.ಎ. ಸೀಟು ಸಿಕ್ಕಿದೆ. ಹಾಸ್ಟೆಲ್ ಕೂಡ ಅದರ ಜೊತೆಗೇ ಸಿಗುತ್ತಾ?

ಇಲ್ಲ. ಕೋರ್ಸಿನ ಪ್ರವೇಶ ಬೇರೆ, ಹಾಸ್ಟೆಲ್ ಪ್ರವೇಶ ಬೇರೆ. ಕೋರ್ಸಿನ ಶುಲ್ಕ ಕಟ್ಟಿದ ರಸೀದಿ ಕೈಗೆ ಬಂದ ಮೇಲೆ ಹಾಸ್ಟೆಲ್ ಅರ್ಜಿ ಹಾಕಬೇಕು. ಅರ್ಜಿಗೆ ವಿಭಾಗದ ಮುಖ್ಯಸ್ಥರ ಸಹಿ ಬೇಕಾಗುತ್ತದೆ, ಆಮೇಲೆ ಅದು ಮುಖ್ಯ ಕ್ಷೇಮಪಾಲಕರ ಕಚೇರಿಗೆ ಹೋಗುತ್ತದೆ. ಹಂಚಿಕೆ ಸಾಮಾನ್ಯವಾಗಿ ಅಂಕ ಮತ್ತು ಮೀಸಲಾತಿಯ ಮೇಲೆ ನಡೆಯುತ್ತದೆ. ಕೌನ್ಸೆಲಿಂಗ್ ಮುಗಿಸಿ ಊರಿಗೆ ಹೋಗಿ, ತರಗತಿ ಶುರುವಾಗುವ ದಿನ ಟ್ರಂಕು ಹೊತ್ತು ಬಂದರೆ ಮೊದಲ ಪಟ್ಟಿ ಆಗಲೇ ತುಂಬಿರುತ್ತದೆ. ಶುಲ್ಕ ಕಟ್ಟಿದ ದಿನವೇ ಹಾಸ್ಟೆಲ್ ಕಚೇರಿಗೂ ಹೋಗಿ ಬನ್ನಿ.

ಯೂನಿವರ್ಸಿಟಿ ಹಾಸ್ಟೆಲ್, ಬಿಸಿಎಂ ಹಾಸ್ಟೆಲ್, ಸೋಷಿಯಲ್ ವೆಲ್ಫೇರ್ ಹಾಸ್ಟೆಲ್ ಎಲ್ಲಾ ಒಂದೇನಾ?

ಒಂದೇ ಅಲ್ಲ. ಯಾರನ್ನು ಕೇಳಬೇಕು ಅನ್ನುವುದು ಇದರ ಮೇಲೆಯೇ ನಿಂತಿದೆ. ವಿಶ್ವವಿದ್ಯಾಲಯದ ಹಾಸ್ಟೆಲನ್ನು ವಿಶ್ವವಿದ್ಯಾಲಯವೇ ನಡೆಸುತ್ತದೆ. ಕೊಠಡಿ ಬಾಡಿಗೆ, ಮೆಸ್ ಬಿಲ್ ನಿಮ್ಮದು. ಬಿಸಿಎಂ ಹಾಸ್ಟೆಲ್ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯದು. ಪರಿಶಿಷ್ಟ ಜಾತಿಯವರ ಹಾಸ್ಟೆಲ್ ಸಮಾಜ ಕಲ್ಯಾಣ ಇಲಾಖೆಗೆ, ಪರಿಶಿಷ್ಟ ಪಂಗಡದವರದು ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಗೆ, ಅಲ್ಪಸಂಖ್ಯಾತರದು ಅವರ ಇಲಾಖೆಗೆ ಸೇರುತ್ತವೆ. ಇಲಾಖೆಯ ಹಾಸ್ಟೆಲುಗಳಲ್ಲಿ ಊಟ, ವಸತಿ ಉಚಿತ. ಅರ್ಜಿಯನ್ನು ರಾಜ್ಯದ ಹಾಸ್ಟೆಲ್ ಪೋರ್ಟಲ್‌ನಲ್ಲಿ ಆನ್‌ಲೈನ್ ಹಾಕಬೇಕು, ಕುಟುಂಬದ ಆದಾಯ ಮಿತಿಯೊಳಗಿರಬೇಕು. ಇಲಾಖೆಯ ಹಾಸ್ಟೆಲ್ ಸೀಟಿಗಾಗಿ ಕುಲಸಚಿವರ ಕಚೇರಿ ಮುಂದೆ ದಿನಗಟ್ಟಲೆ ಕೂತವರಿದ್ದಾರೆ. ಆ ಅಧಿಕಾರ ಅಲ್ಲಿಲ್ಲ. ತಾಲ್ಲೂಕು ಅಥವಾ ಜಿಲ್ಲಾ ಕಲ್ಯಾಣಾಧಿಕಾರಿಯನ್ನೇ ಕಾಣಬೇಕು.

ಎರಡಕ್ಕೂ ಅರ್ಜಿ ಹಾಕಬಹುದು. ಇರುವುದು ಮಾತ್ರ ಒಂದರಲ್ಲೇ.

ಏನೇನು ಕಾಗದ ತರಬೇಕು? ಮತ್ತೆ ಮತ್ತೆ ಓಡಾಡೋಕೆ ಆಗಲ್ಲ.

ಪ್ರವೇಶ ಶುಲ್ಕದ ರಸೀದಿ, ಎಸ್ಸೆಸ್ಸೆಲ್ಸಿ ಮತ್ತು ಪದವಿಯ ಅಂಕಪಟ್ಟಿಗಳು, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟ, ಟಿ.ಸಿ.ಯ ನಕಲು. ಪಾಸ್‌ಪೋರ್ಟ್ ಅಳತೆಯ ಫೋಟೋ ಕನಿಷ್ಠ 8 ಇರಲಿ. ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಗೆ ನಿಮ್ಮ ಜೊತೆ ಪೋಷಕರ ಸಹಿಯೂ ಬೇಕು. ಇದು ಬಹಳ ಜನ ಮರೆಯುವ ಕಾಗದ. ಅಪ್ಪ ಬೀದರಿನಲ್ಲಿ, ಮಗ ಮೈಸೂರಿನಲ್ಲಿ, ನಡುವೆ ಒಂದು ಸಹಿ. ಊರು ಬಿಡುವ ಮೊದಲೇ ಹಾಕಿಸಿಕೊಳ್ಳಿ. ಮೂಲ ಪ್ರಮಾಣಪತ್ರಗಳನ್ನು ತೋರಿಸಿ ವಾಪಸ್ ಪಡೆಯಿರಿ. ಎಲ್ಲಿಯಾದರೂ ಇಟ್ಟುಕೊಂಡರೆ ಏನೇನು ಇಟ್ಟುಕೊಂಡರು ಎಂದು ಬರೆಸಿ, ಮೊಹರು ಹಾಕಿಸಿಕೊಳ್ಳಿ.

ಡಿಗ್ರಿಗೆ ಸೇರುವಾಗ ಮಾಡಿಸಿದ ಜಾತಿ-ಆದಾಯ ಪತ್ರ ಇದೆ. ಅದೇ ನಡೆಯುತ್ತಾ?

ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಆಯಸ್ಸು. 2ಎ, 2ಬಿ, 3ಎ, 3ಬಿಯವರ ಜಾತಿ-ಆದಾಯ ಪತ್ರಕ್ಕೂ ಅಷ್ಟೇ. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರ ಜಾತಿ ಪತ್ರ ಜೀವಮಾನ ಪೂರ್ತಿ ನಡೆಯುತ್ತದೆ, ಆದರೆ ಅವರ ಆದಾಯ ಪತ್ರವೂ 5 ವರ್ಷಕ್ಕೆ ಮುಗಿಯುತ್ತದೆ. ಪಿಯುಸಿಗೆ ಬರುವಾಗ ಮಾಡಿಸಿದ್ದು ಎಂ.ಎ. ಹೊತ್ತಿಗೆ ಸರಿಯಾಗಿ ಅವಧಿ ಮೀರಿರುತ್ತದೆ. ಪಿಯುಸಿಯ ಎರಡು, ಡಿಗ್ರಿಯ ಮೂರು ಕೂಡಿದರೆ ಐದು.

ಪೋರ್ಟಲ್‌ಗೆ ಬೇಕಾಗುವುದು ಪತ್ರದ ಮೇಲಿನ ಆರ್‌ಡಿ ಸಂಖ್ಯೆ. ಅದನ್ನು ಹಾಕಿದಾಗ ಹೆಸರು, ಆದಾಯ ತಾನೇ ಬರುತ್ತವೆ, ನೀವು ತಿದ್ದಲಾಗದು. ಆದ್ದರಿಂದ ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗಲೇ ಹೆಸರನ್ನು ಆಧಾರ್‌ನಲ್ಲಿ ಇದ್ದಂತೆಯೇ ಬರೆಸಿ. ‘ಮಂಜುನಾಥ ಹೆಚ್’, ‘ಮಂಜುನಾಥ್ ಎಚ್.ಎಸ್.’ ನಮ್ಮ ಕಣ್ಣಿಗೆ ಒಬ್ಬನೇ ಹುಡುಗ, ಕಂಪ್ಯೂಟರಿಗೆ ಇಬ್ಬರು.

ಎರಡನೇ ಪಟ್ಟಿಯಲ್ಲೂ ಹೆಸರು ಬರಲಿಲ್ಲ. ಈಗ ಏನ್ ಮಾಡೋದು?

ಕಾಯುವ ಪಟ್ಟಿಯಲ್ಲಿ ಎಷ್ಟನೆಯವರು ಎಂದು ಬರಹದಲ್ಲಿ ಕೇಳಿಕೊಳ್ಳಿ. ಬಿ.ಎಡ್. ಸೀಟು ಸಿಕ್ಕವರು, ಕೆಲಸಕ್ಕೆ ಕರೆ ಬಂದವರು ಬಿಟ್ಟುಹೋಗುವುದರಿಂದ ಮೊದಲ ಒಂದೆರಡು ತಿಂಗಳಲ್ಲಿ ಒಂದಷ್ಟು ಹಾಸಿಗೆ ಖಾಲಿಯಾಗುವುದು ವಾಡಿಕೆ. ಅಲ್ಲಿಯವರೆಗೆ ಸಮುದಾಯದ ವಿದ್ಯಾರ್ಥಿ ನಿಲಯಗಳನ್ನು, ಮಠಗಳ ಪ್ರಸಾದ ನಿಲಯಗಳನ್ನು ವಿಚಾರಿಸಿ. ಮೈಸೂರು, ಧಾರವಾಡ, ತುಮಕೂರು, ಬೆಂಗಳೂರಿನಲ್ಲಿ ಇವು ನೂರು ವರ್ಷದ ಹಿಂದಿನಿಂದ ಬಂದ ವ್ಯವಸ್ಥೆ. ಕೆಲವು ಎಲ್ಲ ಜಾತಿಯವರಿಗೂ ತೆರೆದಿವೆ.

ಹಿಂದುಳಿದ ವರ್ಗದವರಾಗಿದ್ದು ಇಲಾಖೆಯ ಹಾಸ್ಟೆಲ್ ಸಿಗದಿದ್ದರೆ ‘ವಿದ್ಯಾಸಿರಿ’ ಯೋಜನೆ ಇದೆ. ಊಟ-ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಕೊಡುವ ಯೋಜನೆಯಾಗಿ ಬಂದದ್ದು. ಅರ್ಜಿ ಹಾಕುವ ವರ್ಷದ ಮೊತ್ತವನ್ನು ಅಧಿಸೂಚನೆಯಲ್ಲಿ ನೋಡಿ. ಇಲಾಖೆಯ ಹಾಸ್ಟೆಲಿನಲ್ಲಿದ್ದುಕೊಂಡು ಇದನ್ನೂ ಪಡೆಯುವಂತಿಲ್ಲ.

ಪೇಯಿಂಗ್ ಗೆಸ್ಟ್ (ಪಿಜಿ) ಮನೆಯವರು ಬಾಡಿಗೆ ಮೇಲೆ ಜಿಎಸ್‌ಟಿ ಕೇಳ್ತಿದ್ದಾರೆ. ಕೊಡಬೇಕಾ?

ಬಹುತೇಕ ಬೇಡ. 2024ರ ಜೂನ್ 22ರಂದು ನಡೆದ ಜಿಎಸ್‌ಟಿ ಮಂಡಳಿಯ 53ನೇ ಸಭೆಯ ಶಿಫಾರಸಿನಂತೆ, ಒಬ್ಬರಿಗೆ ತಿಂಗಳ ಬಾಡಿಗೆ 20,000 ರೂಪಾಯಿ ಮೀರದಿದ್ದು, ಸತತ 90 ದಿನ ಉಳಿದುಕೊಂಡರೆ ಅಂಥ ವಸತಿಗೆ ತೆರಿಗೆ ಇಲ್ಲ. ಮುಂಗಡ ಕೊಡುವಾಗ ರಸೀದಿಯಲ್ಲಿ ಮೂರು ಸಂಗತಿ ಇರಲಿ: ಮೊತ್ತ, ಖಾಲಿ ಮಾಡುವ ಮೊದಲು ಎಷ್ಟು ದಿನದ ಸೂಚನೆ, ಬಣ್ಣ ಹೊಡೆಸಲು ಎಷ್ಟು ಮುರಿದುಕೊಳ್ಳುತ್ತಾರೆ. ಈ ಮೂರನೆಯದನ್ನು ಬಾಯಿಮಾತಿಗೆ ಬಿಟ್ಟಲ್ಲೇ ಜಗಳ.

## ಕೊಠಡಿ ಮತ್ತು ಮೆಸ್

ರೂಮ್ ಕೀ ಕೊಟ್ಟಿದ್ದಾರೆ. ಮೊದಲ ದಿನ ಏನ್ ನೋಡ್ಕೋಬೇಕು?

ಸಾಮಾನು ಇಳಿಸುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ: ಮಂಚ, ಮೇಜು, ಕಿಟಕಿ ಗಾಜು, ಫ್ಯಾನು, ಸ್ವಿಚ್ ಬೋರ್ಡು, ಬಾಗಿಲಿನ ಚಿಲಕ. ಒಡೆದದ್ದು ಇದ್ದರೆ ಅಂದೇ ದೂರು ಪುಸ್ತಕದಲ್ಲಿ ಬರೆಯಿರಿ. ಎರಡು ವರ್ಷದ ನಂತರ ಠೇವಣಿಯಿಂದ ಮುರಿದುಕೊಳ್ಳುವಾಗ ಆ ಒಂದು ಸಾಲು ನಿಮ್ಮ ಪರ ನಿಲ್ಲುತ್ತದೆ. ಮಂಚದ ಸಂದು, ಹಾಸಿಗೆಯ ಹೊಲಿಗೆಯಲ್ಲಿ ಕಪ್ಪು ಚುಕ್ಕಿ ಇದ್ದರೆ ಅದು ತಿಗಣೆ. ಬಕೆಟ್, ಬೀಗ, ಸೊಳ್ಳೆ ಪರದೆ, ತಟ್ಟೆ-ಲೋಟ ಮನೆಯಿಂದಲೇ ತನ್ನಿ. ಹಾಸ್ಟೆಲ್ ಬೀಗದ ಇನ್ನೊಂದು ಕೀಲಿ ಯಾರ ಬಳಿ ಇದೆಯೋ ಯಾರಿಗೂ ಗೊತ್ತಿರುವುದಿಲ್ಲ.

ಮೆಸ್ ಬಿಲ್ ತಿಂಗಳಿಗೊಂದ್ ನಮೂನಿ ಬರ್ತೈತಿ. ಹೆಂಗ್ ಹಾಕ್ತಾರ್ರಿ ಲೆಕ್ಕ?

ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಸಾಮಾನ್ಯವಾಗಿ ಇರುವುದು ಡಿವೈಡಿಂಗ್ ಪದ್ಧತಿ. ತಿಂಗಳ ಒಟ್ಟು ಖರ್ಚನ್ನು ಎಲ್ಲರೂ ಉಂಡ ಒಟ್ಟು ದಿನಗಳಿಂದ ಭಾಗಿಸುತ್ತಾರೆ. ಬಂದದ್ದು ಒಂದು ದಿನದ ದರ. ಅದನ್ನು ನೀವು ಉಂಡ ದಿನಗಳಿಂದ ಗುಣಿಸಿದರೆ ನಿಮ್ಮ ಬಿಲ್.

ಒಂದು ಲೆಕ್ಕ ಮಾಡಿ ನೋಡೋಣ. 120 ಜನರ ಮೆಸ್. ದಿನಸಿ, ತರಕಾರಿ, ಹಾಲು ಸೇರಿ ಒಬ್ಬರಿಗೆ ದಿನಕ್ಕೆ 80 ರೂಪಾಯಿ ಆಗುತ್ತದೆ ಅನ್ನಿ. ಅಡುಗೆಯವರ ಸಂಬಳದ ಪಾಲು, ಗ್ಯಾಸ್, ಪಾತ್ರೆ ರಿಪೇರಿ ಇತ್ಯಾದಿ ಎಷ್ಟು ಜನ ಉಂಡರೂ ತಪ್ಪದ ಖರ್ಚು 32,000. ಒಂದು ತಿಂಗಳಲ್ಲಿ ಎಲ್ಲರೂ ಸೇರಿ 3,200 ದಿನ ಉಂಡರೆ ಖರ್ಚು 2,56,000 ಮತ್ತು 32,000, ಒಟ್ಟು 2,88,000. ದಿನದ ದರ 90. ಮೂವತ್ತೂ ದಿನ ಉಂಡವರಿಗೆ 2,700 ರೂಪಾಯಿ.

ದಸರೆಯ ತಿಂಗಳು ಬಂತು, ಅರ್ಧಕ್ಕರ್ಧ ಜನ ಊರಿಗೆ ಹೋದರು, ಉಂಡ ದಿನ 1,500ಕ್ಕೆ ಇಳಿಯಿತು. ದಿನಸಿ ಖರ್ಚು 1,20,000ಕ್ಕೆ ಇಳಿಯುತ್ತದೆ, ಆದರೆ ಆ 32,000 ಹಾಗೇ ನಿಂತಿರುತ್ತದೆ. ಒಟ್ಟು 1,52,000, ದಿನದ ದರ 101 ರೂಪಾಯಿ 33 ಪೈಸೆ. ಊಟ ಅದೇ, ದರ ಹನ್ನೊಂದು ರೂಪಾಯಿ ಹೆಚ್ಚು. ರಜೆಯಲ್ಲಿ ಊರಿಗೆ ಹೋಗದೆ ಓದಲು ಉಳಿದವರಿಗೆ ಬರೆ ಬೀಳುವುದು ಹೀಗೆ. ಇದರಲ್ಲಿ ಯಾರ ಮೋಸವೂ ಇಲ್ಲ.

ಮೋಸವೋ ಅಸಡ್ಡೆಯೋ ಇದ್ದರೆ ಅದು ಬೇರೆ ಕಡೆ ಇರುತ್ತದೆ: ಕೂಪನ್ ಇಲ್ಲದೆ ಉಣ್ಣುವ ಅತಿಥಿಗಳು, ಮೆಸ್ ಕಟ್ (ಊಟ ಬೇಡವೆಂದು ಮೊದಲೇ ತಿಳಿಸಿ ಆ ದಿನಗಳನ್ನು ಬಿಲ್ಲಿನಿಂದ ಬಿಡಿಸಿಕೊಳ್ಳುವುದು) ಬರೆಸಿಯೂ ರಾತ್ರಿ ತಟ್ಟೆ ಹಿಡಿದು ಬರುವವರು, ತೂಗದೆ ಇಳಿಸಿಕೊಂಡ ತರಕಾರಿ. ಮೆಸ್ ಸಮಿತಿಯವರು ಸರಕು ಬಂದಾಗ ತಕ್ಕಡಿಯ ಹತ್ತಿರ ನಿಂತು ದಾಸ್ತಾನು ಪುಸ್ತಕಕ್ಕೆ ಸಹಿ ಹಾಕಬೇಕು. ತಿಂಗಳ ಕೊನೆಯಲ್ಲಿ ಹಾಕುವ ಸಹಿಗೆ ಬೆಲೆಯಿಲ್ಲ.

ಎರಡು ದಿನ ಊರಿಗೆ ಹೋಗಿದ್ದೆ. ಮೆಸ್ ಕಟ್ ಯಾಕೆ ಕೊಡಲಿಲ್ಲ?

ಮೆಸ್ ಕಟ್‌ಗೆ ಸಾಮಾನ್ಯವಾಗಿ ಎರಡು ಷರತ್ತು: ಹಿಂದಿನ ದಿನವೇ ಪುಸ್ತಕದಲ್ಲಿ ಬರೆದಿರಬೇಕು, ಸತತವಾಗಿ ಇಷ್ಟು ದಿನ ಎಂಬ ಕನಿಷ್ಠ ಅವಧಿ ದಾಟಿರಬೇಕು. ಆ ಕನಿಷ್ಠ ದಿನ ಒಂದೊಂದು ಹಾಸ್ಟೆಲಿಗೆ ಒಂದೊಂದು. ಮಾರನೆಯ ದಿನಕ್ಕೆ ಎಷ್ಟು ಅಕ್ಕಿ ನೆನೆಸಬೇಕು ಅನ್ನುವುದು ಹಿಂದಿನ ಸಂಜೆಯೇ ತೀರ್ಮಾನವಾಗುವುದರಿಂದ, ಬಸ್ ಹತ್ತಿದ ಮೇಲೆ ಫೋನು ಮಾಡಿದರೆ ಉಪಯೋಗವಿಲ್ಲ.

ರೂಮಲ್ಲಿ ಕೆಟಲ್ ಇಟ್ಕೊಂಡ್ರೆ ಏನ್ ತಪ್ಪು? ಟೀ ಮಾಡ್ಕೊಳ್ಳೋದಕ್ಕೂ ಬೇಡ ಅಂತಾರೆ.

ಟೀಗೆ ಯಾರ ತಕರಾರೂ ಇಲ್ಲ, ತಕರಾರು ವೈರಿಂಗಿನದು. ಕೊಠಡಿಯ ಸಣ್ಣ ಪ್ಲಗ್ಗು 6 ಆಂಪಿಯರಿನದು. 230 ವೋಲ್ಟಿಗೆ ಅದು ತಾಳುವುದು 1,380 ವ್ಯಾಟ್. ಸಾಧಾರಣ ಕೆಟಲ್ 1,500 ವ್ಯಾಟ್, ನೀರು ಕಾಯಿಸುವ ರಾಡು ಅಷ್ಟೇ, ಇಂಡಕ್ಷನ್ ಒಲೆ 2,000. ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದರೆ ಮೊದಲು ಕರಗುವುದು ಅದರ ಪಿನ್ನಿನ ಸುತ್ತಲಿನ ಪ್ಲಾಸ್ಟಿಕ್. ಕರೆಂಟು ಹೆಚ್ಚಾದರೆ ತಾನೇ ಕಡಿಯುವ ಎಂಸಿಬಿ ಸ್ವಿಚ್ಚು ಬೀಳುತ್ತದಲ್ಲ ಎಂದು ನೆಚ್ಚಬೇಡಿ. ಅದು ಇಡೀ ಸಾಲಿನ ವೈರಿಗೆ ಲೆಕ್ಕ ಹಾಕಿ ಕೂರಿಸಿದ್ದು. ನಿಮ್ಮ ಬಾಕ್ಸು ಸುಟ್ಟರೂ ಅದಕ್ಕೆ ಗೊತ್ತಾಗದಿರಬಹುದು. ಪ್ರತಿ ಮಹಡಿಗೊಂದು 16 ಆಂಪಿಯರ್ ಪ್ಲಗ್ಗಿರುವ ಟೀ ಜಾಗ ಕೊಡಿ ಎಂದು ವಿದ್ಯಾರ್ಥಿಗಳು ಒಟ್ಟಾಗಿ ಕೇಳುವುದು ನ್ಯಾಯ. ಬರೀ ನಿಷೇಧ ಬರೆದು ಅಂಟಿಸಿದರೆ ಕೆಟಲ್ ಮಂಚದ ಕೆಳಗೆ ಹೋಗುತ್ತದೆ, ಅದು ಇನ್ನೂ ಅಪಾಯ.

ತಿಗಣೆಗೆ ಔಷಧಿ ಹೊಡೆಸಿದ್ರೂ ಹತ್ತು ದಿನಕ್ಕೆ ಮತ್ತೆ ಬಂತು. ಏನ್ಮಾಡೋದು?

ಮತ್ತೆ ಬಂದಿದ್ದಲ್ಲ, ಅಲ್ಲೇ ಇದ್ದದ್ದು. ಔಷಧಿಗೆ ಮೊಟ್ಟೆ ಸಾಯುವುದು ಕಷ್ಟ. ಅವು ಆರರಿಂದ ಹತ್ತು ದಿನದಲ್ಲಿ ಒಡೆಯುತ್ತವೆ. ಎರಡು ವಾರ ಬಿಟ್ಟು ಎರಡನೇ ಸಲ ಹೊಡೆಸಲೇಬೇಕು, ಅದೂ ಆ ಸಾಲಿನ ಎಲ್ಲ ಕೊಠಡಿಗೆ ಒಂದೇ ದಿನ. ಒಂದು ಕೊಠಡಿಗೆ ಹೊಡೆದರೆ ಪಕ್ಕದ ಕೊಠಡಿಗೆ ವಲಸೆ ಹೋಗುತ್ತವೆ. ಬಟ್ಟೆ, ಹೊದಿಕೆಯನ್ನು ಕುದಿನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಮಂಚದ ಸಂದಿಗೆ ಸೀಮೆಎಣ್ಣೆ ಸುರಿಯುವ ಹಳೇ ಉಪಾಯ ಬೇಡ, ಬೆಂಕಿಗೆ ದಾರಿ.

## ಹಣ

ಎಸ್‌ಎಸ್‌ಪಿಯಲ್ಲಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಹಣ ಹಾಕಿದೆ ಅಂತ ತೋರಿಸ್ತಿದೆ. ನನ್ನ ಖಾತೆಗೆ ಬಂದಿಲ್ಲ. ಯಾರನ್ನ ಕೇಳಲಿ?

ಮೊದಲು ನಿಮ್ಮ ಆಧಾರನ್ನೇ ಕೇಳಿ. ಹಣ ಹೋಗುವುದು ನೀವು ಕೊಟ್ಟ ಖಾತೆ ಸಂಖ್ಯೆಗೆ ಅಲ್ಲ, ಆಧಾರ್ ಸಂಖ್ಯೆಗೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಿಸಿದೆ ಎಂಬ ದಾಖಲೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಬಳಿ ಇರುತ್ತದೆ, ಅದರಲ್ಲಿ ಒಂದು ಸಲಕ್ಕೆ ಒಂದೇ ಬ್ಯಾಂಕು, ಕೊನೆಯದಾಗಿ ಜೋಡಿಸಿದ್ದು. ಹೈಸ್ಕೂಲಿನಲ್ಲಿ ಪೋಸ್ಟ್‌ಮ್ಯಾನ್ ಬಂದು ಬೆರಳೊತ್ತಿಸಿಕೊಂಡು ತೆರೆದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ನಿಮಗೆ ಮರೆತಿರಬಹುದು. ಹಣ ಅಲ್ಲಿ ಕೂತಿರುತ್ತದೆ.

ನೋಡುವ ಕ್ರಮ ಹೀಗೆ. ಆಧಾರ್‌ನ ಅಧಿಕೃತ ತಾಣದಲ್ಲಿ ಬ್ಯಾಂಕ್ ಸೀಡಿಂಗ್ (ಆಧಾರ್ ಜೋಡಣೆ) ಸ್ಥಿತಿ ತೆರೆದರೆ ಬ್ಯಾಂಕಿನ ಹೆಸರು ಕಾಣುತ್ತದೆ. ಡಿಬಿಟಿ (ಸರ್ಕಾರದ ಹಣ ನೇರ ಖಾತೆಗೆ ಹಾಕುವ ವ್ಯವಸ್ಥೆ) ಕರ್ನಾಟಕ ಆ್ಯಪ್‌ನಲ್ಲಿ ಯಾವ ದಿನ, ಯಾವ ಯೋಜನೆಯ ಹಣ, ಯಾವ ಬ್ಯಾಂಕಿಗೆ ಹೋಯಿತು ಎಂಬುದು ಸಿಗುತ್ತದೆ. ಬ್ಯಾಂಕ್ ಸರಿಯಾಗಿದ್ದೂ ಹಣ ಇಲ್ಲದಿದ್ದರೆ ಎರಡು ಅನುಮಾನ. ಎರಡು ವರ್ಷ ಯಾವ ವ್ಯವಹಾರವೂ ಇಲ್ಲದೆ ಖಾತೆ ನಿಷ್ಕ್ರಿಯವಾಗಿರಬಹುದು. ಇಲ್ಲವೇ ಪೂರ್ತಿ ಕೆವೈಸಿ ಆಗದ ‘ಸಣ್ಣ ಖಾತೆ’ ಇರಬಹುದು. ಅದರಲ್ಲಿ 50,000ಕ್ಕಿಂತ ಹೆಚ್ಚು ಬಾಕಿ ಇರುವಂತಿಲ್ಲ, ವರ್ಷದ ಜಮೆ ಒಂದು ಲಕ್ಷ ಮೀರುವಂತಿಲ್ಲ. ಬ್ಯಾಂಕಿಗೆ ಹೋದಾಗ ‘ಆಧಾರ್ ಲಿಂಕ್ ಮಾಡಿಕೊಡಿ’ ಎಂದಷ್ಟೇ ಹೇಳಬೇಡಿ. ‘ಡಿಬಿಟಿಗಾಗಿ ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ’ ಎನ್ನಿ. ಎರಡೂ ಬೇರೆ ಕೆಲಸ, ಕೌಂಟರಿನವರೂ ಎಷ್ಟೋ ಸಲ ಮೊದಲನೆಯದನ್ನು ಮಾಡಿ ಆಯಿತು ಅನ್ನುತ್ತಾರೆ.

ಎಸ್‌ಸಿ ಸ್ಕಾಲರ್‌ಶಿಪ್ ಅರ್ಧ ಬಂದಿದೆ, ಇನ್ನರ್ಧ ಇಲ್ಲ. ಕಾಲೇಜಿನವರು ಫೀ ಕೇಳ್ತಿದ್ದಾರೆ.

ಮೆಟ್ರಿಕ್ ನಂತರದ ಈ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ರಾಜ್ಯ ತನ್ನ ಪಾಲು ಕೊಟ್ಟ ಮೇಲೆ ಕೇಂದ್ರದ್ದು ನೇರ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಅದಕ್ಕೇ ಎರಡು ಕಂತು. ಬಂದ ಹಣದಲ್ಲಿ ಸಂಸ್ಥೆಯ ಶುಲ್ಕದ ಭಾಗವನ್ನು 7 ದಿನದೊಳಗೆ ಕಟ್ಟಬೇಕೆಂಬುದು ನಿಯಮ. ಮನೆಯ ತುರ್ತಿಗೆ ಖರ್ಚಾಗಿಬಿಟ್ಟರೆ ಪರೀಕ್ಷೆ ಅರ್ಜಿಯ ಹೊತ್ತಿಗೆ ಬಾಕಿ ಎದುರು ನಿಲ್ಲುತ್ತದೆ. ಕುಟುಂಬದ ವಾರ್ಷಿಕ ಆದಾಯ ಮಿತಿ ಇಲ್ಲಿ 2.5 ಲಕ್ಷ.

ನಡುವೆ ಬಿಟ್ಟು ಬೇರೆ ಕಡೆ ಸೇರಿದರೆ ಕಟ್ಟಿದ ದುಡ್ಡು ವಾಪಸ್ ಬರುತ್ತಾ?

ಕೋರ್ಸಿನ ಶುಲ್ಕಕ್ಕೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಅಧಿಸೂಚನೆ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ಬಿಟ್ಟರೆ ಶೇ. 100 (ಕಚೇರಿ ಖರ್ಚೆಂದು ಸ್ವಲ್ಪ ಮುರಿದುಕೊಳ್ಳಬಹುದು), ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಇರುವಾಗ ಬಿಟ್ಟರೆ ಶೇ. 90, ಕೊನೆಯ ದಿನದ ನಂತರ 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50, ಆಮೇಲೆ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ಆದೇಶ ಹೊರಡಿಸಿದ್ದುಂಟು. ಹಾಸ್ಟೆಲ್ ಬಾಡಿಗೆಗೆ ಆ ಹಾಸ್ಟೆಲಿನ ನಿಯಮಾವಳಿ. ಮೆಸ್ ಮುಂಗಡದಲ್ಲಿ ಉಂಡದ್ದು ಕಳೆದು ಉಳಿದದ್ದು ಕೇಳಿ. ಬಿಡುವ ಅರ್ಜಿಗೆ ಸ್ವೀಕೃತಿ ಮೊಹರು ಮುಖ್ಯ, ದಿನದ ಲೆಕ್ಕ ಅದರಿಂದಲೇ.

## ತೊಂದರೆ ಬಂದಾಗ

ಅಲ್ಲಿ ರ‍್ಯಾಗಿಂಗ್ ಉಂಟಾ? ಹೇಳಿದರೆ ಮತ್ತೆ ಹೆಚ್ಚು ಮಾಡಿದರೆ?

ಎಲ್ಲಿಯೂ ಇಲ್ಲವೇ ಇಲ್ಲ ಎಂದು ಹೇಳಲು ಬಾರದು. ಯುಜಿಸಿಯ 2009ರ ನಿಯಮದಂತೆ ದೂರು ಖಚಿತವಾದರೆ ಸಂಸ್ಥೆಯ ಮುಖ್ಯಸ್ಥರು 24 ಗಂಟೆಯೊಳಗೆ ಪೊಲೀಸರಿಗೆ ದೂರು ಕೊಡಬೇಕು. ಹಗಲು-ರಾತ್ರಿ ಸಿಗುವ ಸಹಾಯವಾಣಿ 1800-180-5522. ಹೆಸರು ಹೇಳದೆಯೂ ದೂರಬಹುದು. ಆದರೆ ಹಾಸ್ಟೆಲ್, ಬ್ಲಾಕ್, ದಿನ, ಹೊತ್ತು ಸ್ಪಷ್ಟವಾಗಿ ಹೇಳಿ. ‘ಇಲ್ಲಿ ತುಂಬಾ ರ‍್ಯಾಗಿಂಗ್’ ಎಂಬ ದೂರಿನ ಹಿಂದೆ ಯಾರೂ ಹೋಗಲಾರರು. ಹಾಡು ಹೇಳಿಸುವುದು, ಬಟ್ಟೆ ಒಗೆಸುವುದು, ರೆಕಾರ್ಡ್ ಬರೆಸುವುದು ‘ತಮಾಷೆ’ಯ ಪಟ್ಟಿಯಲ್ಲಿಲ್ಲ, ಅವೂ ರ‍್ಯಾಗಿಂಗೇ.

ರೂಮ್‌ಮೇಟ್ ಒಂದು ವಾರದಿಂದ ಊಟಕ್ಕೆ ಬರ್ತಿಲ್ಲ, ಮಾತಾಡ್ತಿಲ್ಲ. ವಾರ್ಡನ್‌ಗೆ ಹೇಳಿದ್ರೆ ತಪ್ಪಾಗುತ್ತಾ?

ತಪ್ಪಲ್ಲ, ಹೇಳಿ. ಮೊದಲು ನೀವೇ ಪಕ್ಕದಲ್ಲಿ ಕೂತು ಕೇಳಿ. ‘ಸಾಯುವ ಯೋಚನೆ ಬರ್ತಿದೆಯಾ’ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೊತೆಗಿರುವ ಗೆಳೆಯರೂ ಕರೆ ಮಾಡಬಹುದು. ಕ್ಯಾಂಪಸ್ಸಿನಲ್ಲಿ ಆಪ್ತಸಮಾಲೋಚಕರು ಇದ್ದರೆ ಅವರು ವಾರದ ಯಾವ ದಿನ ಎಲ್ಲಿ ಸಿಗುತ್ತಾರೆಂದು ಈಗಲೇ ತಿಳಿದಿಟ್ಟುಕೊಳ್ಳಿ.

ಹಾಸ್ಟೆಲ್ ಬಸ್ಸಿನಲ್ಲಿ ಒಬ್ಬರು ಕಿರುಕುಳ ಕೊಟ್ಟರು. ಅದು ಕ್ಯಾಂಪಸ್ ಒಳಗೆ ಅಲ್ಲವಲ್ಲ, ದೂರು ಕೊಡಬಹುದಾ?

ಕೊಡಬಹುದು. ಯುಜಿಸಿಯ 2015ರ ನಿಯಮದಲ್ಲಿ ಸಂಸ್ಥೆಯ ವಾಹನವೂ ಕ್ಯಾಂಪಸ್ಸೇ. ಆಂತರಿಕ ದೂರು ಸಮಿತಿಗೆ ಘಟನೆಯಾದ 3 ತಿಂಗಳೊಳಗೆ ಬರಹದಲ್ಲಿ ಕೊಡಿ. ಬರೆಯಲು ಆಗದಿದ್ದರೆ ಸಮಿತಿಯವರೇ ನೆರವಾಗಬೇಕು. ವಿಚಾರಣೆಗೆ 90 ದಿನದ ಗಡುವು.

ನನಗೆ ಕಣ್ಣು ಕಾಣಲ್ಲ. ಪರೀಕ್ಷೆಗೆ, ಹಾಸ್ಟೆಲಿಗೆ ಏನು ಸೌಲಭ್ಯ ಕೇಳಬಹುದು?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯ ಇದ್ದವರಿಗೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು ಮೀಸಲು. ಪರೀಕ್ಷೆಯಲ್ಲಿ ಬರಹಗಾರರ ನೆರವು ಪಡೆಯಬಹುದು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ 3 ಗಂಟೆಯ ಪತ್ರಿಕೆಗೆ 4 ಗಂಟೆ. ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನ ನಕಲಿನೊಂದಿಗೆ ಪರೀಕ್ಷಾ ಅರ್ಜಿಯ ಜೊತೆಗೇ ಕೇಳಿ, ಪರೀಕ್ಷೆಯ ಹಿಂದಿನ ದಿನಕ್ಕೆ ಬಿಡಬೇಡಿ. ಹಾಸ್ಟೆಲಿನಲ್ಲಿ ನೆಲಮಹಡಿಯ, ಮೆಸ್ಸಿಗೆ ಹತ್ತಿರದ ಕೊಠಡಿ ಕೇಳಿ, ಎರಡನೇ ವರ್ಷವೂ ಅದೇ ಕೊಠಡಿ ಇರಲೆಂದು ಅರ್ಜಿಯಲ್ಲೇ ಬರೆಯಿರಿ. ಕಷ್ಟಪಟ್ಟು ಕಲಿತ ದಾರಿಯನ್ನು ಮತ್ತೆ ಕಲಿಯುವಂತಾಗಬಾರದು.

## ಸಂಶೋಧನಾರ್ಥಿಗಳು ಮತ್ತು ಬಿಡುವವರು

ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಇದೆ. ಹಾಸ್ಟೆಲ್ ಬೇಡ ಅಂದರೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಸಿಗುತ್ತಾ?

ಹಾಸ್ಟೆಲ್ ಕೊಡುತ್ತೇವೆ ಎಂದಾಗ ನೀವು ಬೇಡವೆಂದರೆ ಎಚ್‌ಆರ್‌ಎ ಹಕ್ಕು ಕಳೆದುಕೊಳ್ಳಬಹುದು. ಕೊಠಡಿ ಇಲ್ಲ ಎಂದು ಸಂಸ್ಥೆಯೇ ಪತ್ರ ಕೊಟ್ಟರೆ ಸಿಗುತ್ತದೆ. ದರ ನಗರದ ವರ್ಗದ ಮೇಲೆ: ಬೆಂಗಳೂರು ಎಕ್ಸ್, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ವೈ, ಉಳಿದವು ಝೆಡ್. ಆದ್ದರಿಂದ ಹಾಸ್ಟೆಲ್ ಬೇಡದವರು ಅರ್ಜಿಯನ್ನೇ ಹಾಕದೆ ಸುಮ್ಮನಿರುವುದು ಜಾಣತನವಲ್ಲ. ಅರ್ಜಿ ಹಾಕಿ, ‘ಲಭ್ಯವಿಲ್ಲ’ ಎಂಬ ಪತ್ರ ಪಡೆಯುವುದು ಸರಿಯಾದ ದಾರಿ.

ಐದಾರು ಸಲ ಬರೆದುಕೊಟ್ಟೆ, ಯಾರೂ ಕೇಳ್ತಿಲ್ಲ. ಮೇಲೆ ಎಲ್ಲಿಗೆ ಹೋಗಲಿ?

ಯುಜಿಸಿಯ 2023ರ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನದೊಳಗೆ ಅದು ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ (ದೂರುಗಳ ಮೇಲ್ಮನವಿ ಕೇಳುವ ಅಧಿಕಾರಿ) ಮೇಲ್ಮನವಿ. ಅವರಿಗೆ 30 ದಿನ. ಮೂಲ ಪ್ರಮಾಣಪತ್ರ ಕೊಡದಿರುವುದು, ಹೇಳಿದ ಸೌಲಭ್ಯ ಒದಗಿಸದಿರುವುದು ಎಲ್ಲ ಇದರ ವ್ಯಾಪ್ತಿಗೆ ಬರುತ್ತದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಬರೆಯಿರಿ. ನೀರು, ನಾಯಿ, ವೈಫೈ, ವಾರ್ಡನ್ ಎಲ್ಲ ಸೇರಿಸಿದ ನಾಲ್ಕು ಪುಟದ ಅರ್ಜಿ ಯಾವ ಮೇಜಿಗೂ ಸೇರದೆ ಸುತ್ತುತ್ತಿರುತ್ತದೆ.

ಕೋರ್ಸ್ ಮುಗೀತು. ಠೇವಣಿ ವಾಪಸ್ ತಗೊಳ್ಳೋದು ಹೇಗೆ?

ಮೆಸ್, ಗ್ರಂಥಾಲಯ, ವಿಭಾಗ, ಹಾಸ್ಟೆಲ್ ನಾಲ್ಕೂ ಕಡೆ ಬೇಬಾಕಿ (ನೋ ಡ್ಯೂ) ಪತ್ರ ಮಾಡಿಸಿ. ಸಾಮಾನ್ಯವಾಗಿ ತಡವಾಗುವುದು ಮೆಸ್ಸಿನದು, ಕೊನೆಯ ತಿಂಗಳ ದರ ತಿಂಗಳು ಮುಗಿಯದೆ ಸಿಗದು. ಸೇರುವಾಗ ಕೊಟ್ಟ ಠೇವಣಿಯ ಮೂಲ ರಸೀದಿ ಬೇಕು. ಕಳೆದಿದ್ದರೆ ಲೆಕ್ಕಪತ್ರ ವಿಭಾಗದಲ್ಲಿ ದಿನಾಂಕ ಹೇಳಿ ಚಲನ್ನಿನ ದಾಖಲೆ ಹುಡುಕಿಸಿ. ಊರಿಗೆ ಹೋಗುವ ಮೊದಲು ಅರ್ಜಿ ಕೊಟ್ಟು ಬನ್ನಿ, ಅದರಲ್ಲಿ ಇನ್ನೂ ಎರಡು ವರ್ಷ ಮುಚ್ಚದೆ ಇರುವ ಖಾತೆಯ ಸಂಖ್ಯೆ ಬರೆಯಿರಿ. ಮತ್ತೆ, ಮಂಚದ ಕೆಳಗಿನ ಬೀಗ ಹಾಕಿದ ಟ್ರಂಕನ್ನು ಜೂನಿಯರ್ ನೋಡಿಕೊಳ್ಳುತ್ತಾನೆ ಎಂದು ಬಿಟ್ಟು ಹೋಗಬೇಡಿ. ಕೊಠಡಿ ತೆರವು ಆಗುವವರೆಗೆ ಬೇಬಾಕಿಗೆ ಸಹಿ ಬೀಳುವುದಿಲ್ಲ.